ಚಿಲಿಯ ಕಲ್ಲು, ನಮ್ಮ ಕೊಬ್ಬರಿ ಎಣ್ಣೆ

ಅಮೆರಿಕಕ್ಕೆ ಹೋಗಿ ಬಂದೆ ಎಂದ ಕೂಡಲೇ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ಜಲಪಾತ ನೋಡಲಿಲ್ಲ. ಪಂಜು ಹಿಡಿದು ನಿಂತ ಹೆಂಗಸಿನ ಪ್ರತಿಮೆಯನ್ನು ದೂರದಿಂದ, ಮಂಜಿನ ನಡುವೆ, ಹೌದೋ ಅಲ್ಲವೋ ಎಂಬಷ್ಟು ನೋಡಿದೆ. ಹತ್ತಿರದಿಂದ ನೋಡಿದ್ದು ಒಂದು ಕಲ್ಲು. ಅಚ್ಚು ಬೆಲ್ಲ ಒಡೆದಾಗ ಕೈಗೆ ಬರುವ ಚೂರಿನಷ್ಟಿತ್ತು, ಬಣ್ಣವೂ ಹೆಚ್ಚುಕಡಿಮೆ ಅದೇ. ಹತ್ತಿರ ಎಂದರೂ ನಡುವೆ ಗಾಜಿನ ಬಾಗಿಲಿತ್ತು. ನಾನು ಅಲ್ಲಿದ್ದಷ್ಟು ದಿನವೂ ಮನೆಯ ಮಾತೆಲ್ಲ ಆ ಕಲ್ಲಿನ ಸುತ್ತಲೇ ತಿರುಗಿದ್ದರಿಂದ ಬರೆಯುವುದಕ್ಕೂ ಅದೇ ಇದೆ.

ಎಡಿಸನ್

ನನ್ನ ತಮ್ಮ ರಘು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಹಳ ವರ್ಷದಿಂದ ಇದ್ದಾನೆ. ಅವನ ಹೆಂಡತಿ ವತ್ಸಲಳಿಗೆ ಮಂಡಿ ಆಪರೇಶನ್ ಆಗಬೇಕಿತ್ತು. ಅಡುಗೆ ಮನೆಗೊಬ್ಬರು ಬೇಕು, ಬರ್ತೀಯಾ ಅಕ್ಕ ಎಂದು ಫೋನ್ ಮಾಡಿದ. ಮೈಸೂರಿನಲ್ಲಿ ನಮ್ಮ ಯಜಮಾನರು, "ಹೋಗಿ ಬಾ, ನಂಗೆ ಅನ್ನ ಸಾರು ಮಾಡ್ಕೊಳ್ಳೋಕೆ ಬರುತ್ತೆ" ಅಂದರು. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಹೇಳಿದರಲ್ಲ, ಅದೇ ದೊಡ್ಡದು.

ಎಡಿಸನ್‌ನಲ್ಲಿ ಕರಿಬೇವು ಸಿಗುತ್ತದೆ, ನಂದಿಬಟ್ಟಲು ಹೂವೊಂದು ಬಿಟ್ಟು ಪೂಜೆಗೆ ಬೇಕಾದ್ದೆಲ್ಲ ಸಿಗುತ್ತದೆ. ಅಂಗಡಿಯ ಹುಡುಗನೂ "ಆಂಟಿ, ಬೇರೇನು ಬೇಕು" ಅಂತಲೇ ಕೇಳುತ್ತಾನೆ. ಅಷ್ಟಾದರೂ ಆ ಅಂಗಡಿಗೆ ನಡೆದು ಹೋಗುವ ಹಾಗಿಲ್ಲ. ಒಂದು ದಿನ ಹೊರಟೆ. ಫುಟ್‌ಪಾತ್ ಸ್ವಲ್ಪ ದೂರ ಜೊತೆಗೆ ಬಂದು, ಯಾರದೋ ಹುಲ್ಲಿನ ಅಂಗಳದ ಮುಂದೆ ಸುಮ್ಮನೆ ನಿಂತುಬಿಟ್ಟಿತು. ಮುಂದೆ ಕಾರುಗಳು ಮಾತ್ರ. ಅದೇ ದಾರಿಯಲ್ಲಿ ವಾಪಸ್ ಬಂದೆ. ಕಾಲು ಗಟ್ಟಿಯಿದೆಯಲ್ಲ ಎಂದುಕೊಂಡೆ. ಮನೆಯಲ್ಲಿ ಒಬ್ಬಳಿಗೆ ಮಂಡಿಯೇ ಇಲ್ಲದಾಗ ಅದನ್ನು ಗಟ್ಟಿಯಾಗಿ ಹೇಳಲಿಲ್ಲ.

ಅಲ್ಲಿ ದೇವರ ಮನೆ ಎಂದರೆ ಕೋಟು ನೇತುಹಾಕುವ ಗೂಡು. ಮಡಚುವ ಬಾಗಿಲು ತೆರೆದರೆ ಕೆಳಗಿನ ಹಲಗೆಯಲ್ಲಿ ದೇವರು, ಮೇಲಿನ ಹಲಗೆಯಲ್ಲಿ ಚಳಿಗಾಲದ ಟೋಪಿಗಳು. ಮೊದಲ ದಿನ ಮಂಗಳಾರತಿಗೆ ಕರ್ಪೂರ ಹಚ್ಚಿದೆ. ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಬಿಳಿ ಬಿಲ್ಲೆಯೊಂದು ಕಿವಿ ಕಿತ್ತುಹೋಗುವಂತೆ ಅರಚಿತು. ರಘು ಸ್ನಾನದ ಮನೆಯಿಂದ ಟವಲ್ಲಿನಲ್ಲೇ ಓಡಿ ಬಂದು, ಭುಜದ ಮೇಲಿನ ಇನ್ನೊಂದು ಟವಲನ್ನು ಆ ಬಿಲ್ಲೆಯ ಕೆಳಗೆ ಬೀಸತೊಡಗಿದ. ನಾನು ಗಂಟೆ ಬಾರಿಸುವುದನ್ನು ನಿಲ್ಲಿಸಲಿಲ್ಲ. ದೇವರಿಗೆ ಅಂದು ಚಾಮರ ಸೇವೆಯೂ ಆಯಿತು.

ಅವರ ಒಬ್ಬಳೇ ಮಗಳು ಸಿಂಧು. ಅಲ್ಲೇ ಹುಟ್ಟಿದವಳು. ನ್ಯೂಯಾರ್ಕಿನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಓದುತ್ತಾಳೆ, ಮನೆಯಿಂದಲೇ ರೈಲಿನಲ್ಲಿ ಹೋಗಿ ಬರುತ್ತಾಳೆ. ಕನ್ನಡ ಚೆನ್ನಾಗಿಯೇ ಆಡುತ್ತಾಳೆ. ಸುಸ್ತಾದರೆ, ಸಿಟ್ಟು ಬಂದರೆ ಇಂಗ್ಲಿಷಿಗೆ ಹೊರಟುಹೋಗುತ್ತಾಳೆ. ಏನು ಓದುತ್ತೀಯೇ ಎಂದು ಕೇಳಿದೆ.

"ಭೂಮಿ ಬಿಟ್ಟು ಬೇರೆ ಕಡೆ ಲೈಫ್ ಇದ್ಯಾ ಅಂತ ಹುಡುಕೋದು, ಅತ್ತೆ."

"ಅದರಲ್ಲಿ ಹುಡುಕೋದೇನಿದೆ? ಹದಿನಾಲ್ಕು ಲೋಕ ಇದೆ ಅಂತ ನಮ್ಮಜ್ಜಿಗೇ ಗೊತ್ತಿತ್ತು."

"ಹದಿನಾಲ್ಕರಲ್ಲಿ ಒಂದರ ಅಡ್ರೆಸ್ ಕೊಡಿ ಅತ್ತೆ. ನಾನು ಹೋಗಿ ಸ್ಯಾಂಪಲ್ ತರ್ತೀನಿ."

ವತ್ಸಲ ಸೋಫಾದಿಂದ, "ಅಕ್ಕಾ, ಅವಳ ಹತ್ರ ಮಾತಿಗೆ ನಿಲ್ಬೇಡಿ, ನಾನೇ ಬಿಟ್ಟಿದೀನಿ" ಅಂದಳು.

ಗಾಜಿನ ಬಾಗಿಲು

ವತ್ಸಲ ಕೋಲು ಹಿಡಿದು ಓಡಾಡುವಂತಾದ ಮೇಲೆ ಸಿಂಧು ಒಂದು ದಿನ ನನ್ನನ್ನು ತನ್ನ ಪ್ರಯೋಗಾಲಯ ತೋರಿಸಲು ಕರೆದುಕೊಂಡು ಹೋದಳು. ದೂರದರ್ಶಕ ಇರುತ್ತದೆ, ನಕ್ಷತ್ರ ನೋಡಬಹುದು ಎಂದು ನಾನು ಅಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಓವನ್. ಸೀಸೆ, ಚಮಚ, ಇಕ್ಕಳ ಎಲ್ಲವನ್ನೂ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಅದರಲ್ಲಿ ಇಡೀ ರಾತ್ರಿ ಕಾಯಿಸುತ್ತಾರಂತೆ. ಬೆರಳ ಜಿಡ್ಡಿನ ಗುರುತೂ ಉರಿದು ಹೋಗಬೇಕು ಎಂದು. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹಾಕಿಕೊಳ್ಳುತ್ತಾರೆ. ನನ್ನನ್ನು ಒಳಗೆ ಬಿಡಲಿಲ್ಲ. ನಮ್ಮಲ್ಲಿ ಮಡಿಯಲ್ಲಿರುವವರು ದೂರ ನಿಲ್ಲಿ ಅನ್ನುವ ಹಾಗೆ ಯಾರೂ ಅನ್ನಲಿಲ್ಲ. ನಗುತ್ತಲೇ ಕುರ್ಚಿ ಕೊಟ್ಟರು. ಆದರೂ ಹೊರಗೆ ಹೊರಗೇ.

ಗಾಜಿನಾಚೆ ಸಿಂಧು ಆ ಕಲ್ಲನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದಳು. ಚಿಲಿ ದೇಶದಲ್ಲಿ ಮಳೆಯೇ ಕಾಣದ ಮರುಭೂಮಿಯೊಂದಿದೆಯಂತೆ. ಭೂಮಿಯಲ್ಲಿ ಮಂಗಳ ಗ್ರಹದ ನೆಲವನ್ನು ಅತಿ ಹೆಚ್ಚು ಹೋಲುವ ನೆಲ ಅದು. ಅಲ್ಲಿ ಆಳಕ್ಕೆ ಕೊರೆದು ತೆಗೆದ ಕಲ್ಲು ಇದು. ಜೀವ ಇದ್ದ ಕಡೆ ಕೊಬ್ಬು ಇರುತ್ತದೆ. ಜೀವ ಹೋದ ಮೇಲೂ ಕೊಬ್ಬಿನ ಗುರುತು ಬಹಳ ಕಾಲ ಉಳಿಯುತ್ತದೆ. ಈ ಒಣ ಕಲ್ಲಿನೊಳಗೆ ಆ ಗುರುತು ಇದೆಯೋ ಇಲ್ಲವೋ ಸರಿಯಾಗಿ ಹೇಳಲು ಬಂದರೆ, ಮುಂದೆ ಮಂಗಳದ ಕಲ್ಲು ಕೈಗೆ ಬಂದಾಗಲೂ ಹೇಳಲು ಬರುತ್ತದೆ. ಇವಳ ನಾಲ್ಕು ವರ್ಷದ ಕೆಲಸ ಇಷ್ಟು. ಕೊರೆಯಲು ಹೋದ ತಂಡ ಇವಳು ಸೇರುವ ಮೊದಲೇ ಹೋಗಿ ಬಂದಿತ್ತು, ಮತ್ತೆ ಹೋಗುವುದಿಲ್ಲ. ಆ ಆಳದ ಕಲ್ಲು ಉಳಿದಿರುವುದು ಅಷ್ಟೇ. ಅದನ್ನು ಎರಡು ಭಾಗ ಮಾಡಿ ಇಟ್ಟಿದ್ದರು.

ಅವಳ ಗುರುಗಳು ವಯಸ್ಸಾದ ಹೆಂಗಸು. ಎಲ್ಲರೂ ರೂತ್, ರೂತ್ ಎಂದು ಹೆಸರು ಹಿಡಿದೇ ಕೂಗುತ್ತಾರೆ, ಅವರೂ ಓಗೊಡುತ್ತಾರೆ. ನಾನು ಮಾತ್ರ ಮೇಡಂ ಅಂದೆ. ಪಕ್ಕದಲ್ಲಿ ಕೂತು ನನಗೆ ಅರ್ಥವಾಗುವಷ್ಟು ನಿಧಾನವಾಗಿ ಒಂದು ವಿಷಯ ಹೇಳಿದರು. ಪ್ರತಿ ಪರೀಕ್ಷೆಯಲ್ಲೂ ಒಂದು ಖಾಲಿ ಸೀಸೆಗೆ ಕಲ್ಲಿಗೆ ಮಾಡುವ ಉಪಚಾರವನ್ನೆಲ್ಲ ಮಾಡುತ್ತಾರೆ. ಅದೇ ದ್ರಾವಣ ಹಾಕಿ, ಅಷ್ಟೇ ಹೊತ್ತು ಅಲ್ಲಾಡಿಸಿ, ಅದೇ ಯಂತ್ರಕ್ಕೆ ಕೊಡುತ್ತಾರೆ. ಕಲ್ಲು ಮಾತ್ರ ಹಾಕುವುದಿಲ್ಲ. ಅದಕ್ಕೆ ಬ್ಲ್ಯಾಂಕ್ ಎಂದು ಹೆಸರು. ಖಾಲಿ ಸೀಸೆಯಲ್ಲಿ ಏನಾದರೂ ಕಂಡರೆ ಅದು ಕಲ್ಲಿನದಲ್ಲ, ನಮ್ಮದು.

ವಾಪಸ್ ಬರುವಾಗ ರೈಲಿನಲ್ಲಿ ಸಿಂಧುವಿಗೆ, "ನಿನಗೆ ಸಿಗಲಿ ಅಂತ ದೇವರಲ್ಲಿ ಬೇಡ್ಕೋತೀನಿ ಕಣೇ" ಅಂದೆ.

"ಸಿಗ್ಲಿ ಅಂತ ಬೇಡ ಅತ್ತೆ, ಪ್ಲೀಸ್. ಕ್ಲೀನ್ ಆಗಿರ್ಲಿ ಅಂತ ಬೇಡ್ಕೊಳ್ಳಿ."

ಅಂಥ ಬೇಡಿಕೆಯನ್ನು ನಾನು ಯಾವ ದೇವರ ಮುಂದೂ ಇಟ್ಟವಳಲ್ಲ. ಒಳಗೊಳಗೆ ಸಿಗಲಿ ಅಂತಲೇ ಬೇಡಿಕೊಂಡೆ.

ನರಕ ಚತುರ್ದಶಿ

ದೀಪಾವಳಿ ಬಂತು. ನೀರು ತುಂಬುವ ಹಬ್ಬಕ್ಕೆ ಹಂಡೆಯಿಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಗಂಗೆಯನ್ನು ಅದರಲ್ಲೇ ಕೂರಿಸಿದೆ. ಬೆಳಿಗ್ಗೆ ಎಣ್ಣೆ ಶಾಸ್ತ್ರಕ್ಕೆ ಮಣೆ ಹಾಕಿದೆ. ರಘು ಕೂತ, ವತ್ಸಲ ಕುರ್ಚಿಯಲ್ಲೇ ಕೂತಳು. ಸಿಂಧು ಬಾಗಿಲಲ್ಲೇ ನಿಂತಳು.

"ಅತ್ತೆ, ನಂಗೆ ಬೇಡ. ನಾಳೆ ಕಲ್ಲು ಪುಡಿ ಮಾಡ್ಬೇಕು. ಹೋದ ವಾರದಿಂದ ತಲೆಗೆ ಏನೂ ಹಾಕಿಲ್ಲ ನಾನು."

"ವರ್ಷಕ್ಕೊಂದು ದಿನ ಕಣೇ. ಶಾಸ್ತ್ರಕ್ಕೆ ನಾಲ್ಕು ಹನಿ."

"ಸಿಂಧೂ, ಅತ್ತೆ ಅಷ್ಟು ದೂರದಿಂದ ಬಂದಿದಾರೆ" ಎಂದು ವತ್ಸಲ. "ಇವತ್ತು ಬಿಟ್ರೆ ಇನ್ಯಾವತ್ತು?" ಎಂದು ರಘು, ಎಣ್ಣೆ ಇಳಿಯುವ ಕಣ್ಣು ಒರೆಸಿಕೊಳ್ಳುತ್ತ.

ಮೂವರು ಹೇಳಿದ ಮೇಲೆ ಅವಳು ಕೂತಳು. ಫೋನಿನಲ್ಲಿ ಏನೋ ಓದುತ್ತಿದ್ದಳು, ಕನ್ನಡಕ ತೆಗೆಯಲಿಲ್ಲ. ನಾಲ್ಕು ಹನಿ ಅಂದವಳು ನಾನು, ಹಾಡು ಹೇಳುತ್ತ ಹೇಳುತ್ತ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು ನೆತ್ತಿಗೆ ತಟ್ಟಿದೆ. ಕಿವಿಯ ಹಿಂದೆಯೂ ಇಳಿಯಿತು. ಅವಳು ಕಣ್ಣು ಮುಚ್ಚಿದಳು. ಮಗುವಾಗಿದ್ದಾಗ ಮೈಸೂರಿಗೆ ಬಂದಾಗಲೂ ಹೀಗೇ ಮುಚ್ಚುತ್ತಿದ್ದಳು. ಆಮೇಲೆ ಸೀಗೆಪುಡಿ, ಅದರ ಮೇಲೆ ಎರಡು ಸಲ ಶಾಂಪೂ, ಅದರ ಮೇಲೆ ಅವಳ ಪ್ರಯೋಗಾಲಯದ ಯಾವುದೋ ಸೋಪು. ಮಾರನೆಯ ದಿನ ಹೋಗಿ ಕಲ್ಲಿನ ಅರ್ಧ ಭಾಗವನ್ನು ಪುಡಿ ಮಾಡಿ ಯಂತ್ರಕ್ಕೆ ಕೊಟ್ಟಳು.

ಯಂತ್ರ ಕಂಪ್ಯೂಟರಿನ ಮೇಲೆ ಒಂದು ಗೆರೆ ಎಳೆಯುತ್ತದೆ. ಏನೂ ಇಲ್ಲದಿದ್ದರೆ ನೇರ ಹೋಗುತ್ತದೆ, ಇದ್ದರೆ ಗುಡ್ಡದಂತೆ ಏಳುತ್ತದೆ. ಗೆರೆ ಎದ್ದಿತು. ಒಂದು ದೊಡ್ಡ ಗುಡ್ಡ, ಪಕ್ಕದಲ್ಲಿ ಸಣ್ಣವು. ಜೀವಿಗಳು ಮಾಡುವಂಥದೇ ಕೊಬ್ಬು. ಬ್ಲ್ಯಾಂಕ್ ಸೀಸೆಯ ಗೆರೆ ಚೊಕ್ಕವಾಗಿತ್ತು. ಸಿಂಧು ರೈಲಿನಿಂದಲೇ ಫೋನ್ ಮಾಡಿ ಕೂಗಾಡಿದಳು. ರೂತ್ ಮೇಡಂ ತಮ್ಮಂಥದೇ ಕೆಲಸ ಮಾಡುವ ಬೇರೆ ಊರಿನ ಇಬ್ಬರಿಗೆ ಆವತ್ತೇ ತಿಳಿಸಿದರಂತೆ. ನಾನು ಗೂಡಿನ ಬಾಗಿಲು ತೆರೆದು ತುಪ್ಪದ ದೀಪ ಹಚ್ಚಿದೆ. ನನ್ನ ಬೇಡಿಕೆ ಇಷ್ಟು ಬೇಗ ಮುಟ್ಟಿದ್ದು ಅದೇ ಮೊದಲು.

ಶನಿವಾರ

ಎರಡು ದಿನ ಮನೆ ಹಬ್ಬದಂತಿತ್ತು. ಶನಿವಾರ ನಾನು ವತ್ಸಲಳಿಗೆ ತಲೆ ಬಾಚುತ್ತಿದ್ದೆ. ಪಕ್ಕದಲ್ಲಿ ಎಣ್ಣೆ ಬಾಟಲಿ ಇತ್ತು. ಸಿಂಧು ಕಾಫಿ ಕುಡಿಯುತ್ತ ಅದನ್ನೇ ನೋಡಿದಳು. ಲೋಟ ಕೆಳಗಿಟ್ಟು ಹೋಗಿ ಕಂಪ್ಯೂಟರ್ ತಂದಳು. ಆ ಗುಡ್ಡಗಳ ಗೆರೆ ತೆರೆದು, ಇನ್ನೇನೋ ಹುಡುಕಿ, ಎರಡನ್ನೂ ಅಕ್ಕಪಕ್ಕ ಇಟ್ಟಳು. ಅವಳ ಮುಖ ಇಳಿದುಹೋಯಿತು.

"ಏನಾಯ್ತೇ?"

"ಕೊಕೊನಟ್ ಆಯಿಲ್" ಅಂದಳು. "ದೊಡ್ಡ ಗುಡ್ಡ, ಸಣ್ಣ ಗುಡ್ಡ, ಆರ್ಡರ್ ಎಲ್ಲ ಅದೇ. ಇದು ಚಿಲಿ ಅಲ್ಲ ಅತ್ತೆ. ಇದು ನನ್ನ ತಲೆ."

ಖಾಲಿ ಸೀಸೆ ಚೊಕ್ಕವಾಗಿತ್ತಲ್ಲ ಎಂದು ರಘು ಕೇಳಿದ. ಆ ಬ್ಲ್ಯಾಂಕ್ ಸೀಸೆಯನ್ನು ಹಬ್ಬದ ಹಿಂದಿನ ದಿನ ಸಿದ್ಧ ಮಾಡಿ ಇಟ್ಟಿದ್ದಳು. ಕಲ್ಲು ಪುಡಿ ಮಾಡಿದ್ದು ಎಣ್ಣೆ ಸ್ನಾನದ ಮಾರನೆಯ ದಿನ. ಸೀಸೆ ತಾನು ನೋಡಿದ ದಿನಕ್ಕೆ ಸಾಕ್ಷಿ ಹೇಳಿತ್ತು, ಕಲ್ಲಿನ ದಿನಕ್ಕಲ್ಲ.

ರಘು ಸ್ವಲ್ಪ ಹೊತ್ತು ತಟ್ಟೆಯ ಅವಲಕ್ಕಿಯನ್ನು ಆ ಕಡೆ ಈ ಕಡೆ ಸರಿಸಿದ. ಆಮೇಲೆ, "ಇರ್ಲಿ, ಶ್ಯೂರ್ ಆಗೋವರ್ಗೂ ಹೇಳ್ಬೇಡ. ಸುಮ್ನೆ ಯಾಕೆ? ನೀನು ಹೇಳ್ದೆ ಇದ್ರೆ ಯಾರಿಗೆ ಗೊತ್ತಾಗುತ್ತೆ?" ಅಂದ.

"ಅಪ್ಪಾ!"

"ನಿನ್ನ ನಾಲ್ಕು ವರ್ಷ ಕಣೇ, ಅದಕ್ಕಂದೆ."

"ನಾಲ್ಕು ವರ್ಷ ಎಣ್ಣೆ ಮೇಲೆ ನಿಲ್ಸ್ಲಾ? ನಾಳೆ ಮಾರ್ಸ್ ಕಲ್ಲಲ್ಲೂ ಇದೇ ಸಿಕ್ಕಿದ್ರೆ? ಅಲ್ಲೂ ಯಾರೋ ದೀಪಾವಳಿ ಮಾಡಿದ್ರು ಅನ್ಲಾ?"

ನಾನು ಬಾಚಣಿಗೆ ಹಿಡಿದೇ ಕೂತಿದ್ದೆ. ನನ್ನಿಂದ ಆಯಿತಲ್ಲೇ ಎಂದೆ.

"ನೀವು ಹಚ್ಚಿದ್ದು ಅಷ್ಟೇ ಅತ್ತೆ. ಗೊತ್ತಿದ್ದೂ ಕೂತೋಳು ನಾನು."

ಎಣ್ಣೆಯ ಒಂದು ಹನಿಯನ್ನು ಪುಟ್ಟ ಸೀಸೆಗೆ ಹಾಕಿಕೊಂಡು, ರಜೆಯಾದರೂ ಹೊರಟುಹೋದಳು. ಸಂಜೆ ಬಂದಾಗ ಖಚಿತವಾಗಿತ್ತು. ರೂತ್ ಮೇಡಂಗೂ ಹೇಳಿಯೇ ಬಂದಿದ್ದಳು. ಅವರು ಬೈಯಲಿಲ್ಲವಂತೆ. ಖಾಲಿ ಸೀಸೆಯೂ ಕಲ್ಲೂ ಒಂದೇ ದಿನ, ಒಂದೇ ಕೈಯಲ್ಲಿ ಆಗಬೇಕಿತ್ತು, ಅದನ್ನು ನಾನೂ ಕೇಳಲಿಲ್ಲ ಅಂದರಂತೆ. ಆದರೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು: ಎಣ್ಣೆ ಯಾವ ದಾರಿಯಲ್ಲಿ ಬಂತು ಎಂದು ತಿಳಿಯುವ ತನಕ ಉಳಿದರ್ಧ ಕಲ್ಲನ್ನು ಮುಟ್ಟಬಾರದು. ಅದೂ ಕೆಟ್ಟರೆ ಮತ್ತೆ ಕಲ್ಲಿಲ್ಲ. ಸಿಂಧು ಬೇರೆ ವಿಷಯ ಹಿಡಿದು ಮೊದಲಿನಿಂದ ಶುರು ಮಾಡಬೇಕು.

ಮುಂದಿನ ವಾರವೆಲ್ಲ ಅವಳು ಹತ್ತಿಯಿಂದ ಏನೇನೋ ಒರೆಸಿ ಒರೆಸಿ ಪರೀಕ್ಷೆ ಮಾಡಿದಳು. ದಿಂಬು, ಸ್ವೆಟರಿನ ಕತ್ತು, ಕುರ್ಚಿಯ ಬೆನ್ನು, ತಲೆಯ ಟೋಪಿ. ಕೊನೆಗೆ ದಾರಿ ಸಿಕ್ಕಿತು. ಕನ್ನಡಕದ ಕಡ್ಡಿ. ತಲೆಯನ್ನು ಮೂರು ಸಲ ತೊಳೆದಿದ್ದಳು, ಕನ್ನಡಕದ ಕಡ್ಡಿಯನ್ನು ತೊಳೆಯುವವರು ಯಾರು? ಕೆಲಸದ ನಡುವೆ ಜಾರಿದ ಕನ್ನಡಕವನ್ನು ಗ್ಲೌಸ್ ಹಾಕಿದ ಬೆರಳಲ್ಲೇ ಮೇಲಕ್ಕೆ ತಳ್ಳಿದ್ದಳು. ಅದೇ ಬೆರಳು ಕಲ್ಲಿನ ಸೀಸೆಯ ಮುಚ್ಚಳ ತೆಗೆದಿತ್ತು.

ಎರಡು ಬಾಗಿಲಿನಾಚೆ

ಉಳಿದರ್ಧದ ಪರೀಕ್ಷೆಗೆ ದಿನ ಗೊತ್ತಾಯಿತು. ಪ್ರಯೋಗಾಲಯದಲ್ಲೇ ಇರುವ ಬೇರೆ ಕನ್ನಡಕ, ಅಲ್ಲಿಯೇ ಸ್ನಾನ, ಅಲ್ಲಿಯೇ ಬಟ್ಟೆ. ಮನೆಯಲ್ಲಿ ಏನು ಬದಲಾಗಬೇಕು ಎಂದು ಕೇಳಿದರೆ ಏನೂ ಬೇಡ ಅತ್ತೆ ಅಂದಳು. ಬೇಡ ಎಂದ ದನಿ ನನಗೆ ಗೊತ್ತು. ಆವತ್ತಿನಿಂದ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದೆ. ಎಣ್ಣೆ ಬಾಟಲಿಗಳನ್ನೆಲ್ಲ ಕಟ್ಟಿ ಗ್ಯಾರೇಜಿನಲ್ಲಿ ಇಟ್ಟೆ. ಇಡ್ಲಿ, ಮುದ್ದೆ, ಬೇಯಿಸಿದ ತರಕಾರಿ, ಮೇಲೆ ಉಪ್ಪು ನಿಂಬೆಹಣ್ಣು.

"ಅಕ್ಕಾ, ಪಿಎಚ್‌ಡಿ ಮಾಡೋಳು ಅವಳು, ಉಪವಾಸ ನಂದು" ಎಂದು ರಘು ಸಾರಿನಲ್ಲಿ ಸಾಸಿವೆ ಹುಡುಕಿದ.

"ಮಗಳಿಗೆ ಸುಮ್ಮನಿರು ಅಂದ್ಯಲ್ಲ, ಈಗ ನೀನು ಸುಮ್ಮನೆ ತಿನ್ನು."

ತಿಂದ. ಬಾಯಿಗೆ ರುಚಿ ಇಲ್ಲದಿದ್ದರೂ ಹೊಟ್ಟೆಗೆ ಒಳ್ಳೆಯದೇ ಆಯಿತು, ವತ್ಸಲಳಿಗೆ ಎದೆಯುರಿ ನಿಂತಿತು.

ದೀಪದ ವಿಷಯ ಬೇರೆ. ಕಾರ್ತಿಕ ಮಾಸ. ಮದುವೆಯಾದಾಗಿನಿಂದ ಸಂಜೆ ದೀಪ ತಪ್ಪಿಸಿದವಳಲ್ಲ ನಾನು. ಆದರೆ ದೀಪವೂ ಎಣ್ಣೆಯೇ, ಹೊಗೆಯೂ ಎಣ್ಣೆಯೇ, ಗೂಡಿನ ಮೇಲಿನ ಹಲಗೆಯಲ್ಲಿರುವುದು ಸಿಂಧುವಿನ ಟೋಪಿ. ಅವಳು ನಿಲ್ಲಿಸಿ ಎಂದು ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು. ಕೇಳಲಾರದೆ ಸಂಜೆಯಾದರೆ ತನ್ನ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಮ್ಮ ಬೀದಿಯಲ್ಲೇ ಎರಡು ಬಾಗಿಲಿನಾಚೆ ಹಸುಮತಿ ಬೆನ್ ಎಂಬ ಗುಜರಾತಿ ವಿಧವೆ ಇದ್ದರು. ಮಗನ ಮನೆಯಲ್ಲಿ, ಹಗಲೆಲ್ಲ ಒಬ್ಬರೇ. ನನ್ನ ಹಣತೆ, ಬತ್ತಿ, ಎಣ್ಣೆ ಎತ್ತಿಕೊಂಡು ಅವರ ಬಾಗಿಲು ತಟ್ಟಿದೆ. ನನ್ನ ಹಿಂದಿ ಟೀವಿ ನೋಡಿ ಕಲಿತದ್ದು. ಅದರಲ್ಲಿ ಚಿಲಿ, ಕಲ್ಲು, ಮಂಗಳ, ತಲೆ ಎಣ್ಣೆ ಎಲ್ಲವನ್ನೂ ವಿವರಿಸಿದೆ. ಅವರು ಬಹಳ ಗಮನವಿಟ್ಟು ಕೇಳಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ತಮ್ಮ ದೇವರ ಪಕ್ಕದಲ್ಲಿ ನನ್ನ ಹಣತೆಗೆ ಜಾಗ ಮಾಡಿದರು. ಸುಖಡಿ ಎಂಬ ಬೆಲ್ಲ, ಗೋಧಿಹಿಟ್ಟಿನ ಸಿಹಿ ಕೊಟ್ಟರು. ಇನ್ನೊಂದು ತುಂಡು ಕೊಟ್ಟರು. ನನ್ನ ಬೆನ್ನು ಸವರಿದರು.

ನಾಲ್ಕೈದು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಹಸುಮತಿ ಬೆನ್ ಸೀರೆ ಸರಿಮಾಡಿಕೊಂಡು ನಮ್ಮ ಮನೆಗೇ ಬಂದರು. ವತ್ಸಲಳ ಎದುರು ಕೂತು, ಅವಳ ಮಂಡಿಯ ಬಗ್ಗೆ ವಿಚಾರಿಸಿ, ಆಮೇಲೆ ಹಿಂದಿಯಲ್ಲಿ ದೊಡ್ಡ ಬುದ್ಧಿವಾದ ಶುರು ಮಾಡಿದರು. ಗಂಡನ ಅಕ್ಕ ಎಂದರೆ ತಾಯಿಯ ಸಮಾನ, ಸಮುದ್ರ ದಾಟಿ ಸೇವೆಗೆ ಬಂದವಳು, ಅಡುಗೆಗೆ ಎಣ್ಣೆ ಕೊಡದಿದ್ದರೆ ಹೋಗಲಿ, ದೇವರ ದೀಪವನ್ನು ಮನೆಯಿಂದ ಹೊರಗೆ ಹಾಕಬಾರದು. ವತ್ಸಲ ಬಾಯಿ ತೆರೆದುಕೊಂಡು ನನ್ನನ್ನು ನೋಡಿದಳು.

"ಅಕ್ಕಾ, ನನ್ನ ಬಗ್ಗೆ ಏನು ಹೇಳಿದೀರಿ ಇವರಿಗೆ?"

"ಮಂಗಳ ಗ್ರಹದ ಬಗ್ಗೆ ಹೇಳಿದ್ದು ಕಣೇ!"

ಸಿಂಧು ಬಂದು ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಬೇಕಾಯಿತು. ಹಸುಮತಿ ಬೆನ್ ಪೂರ್ತಿ ನಂಬಿದಂತೆ ಕಾಣಲಿಲ್ಲ. ಕಲ್ಲಿಗಾಗಿ ದೀಪ ಹೊರಗಿಡುವ ಮನೆಯನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಹೋಗುವಾಗ ನನ್ನ ಕಿವಿಯಲ್ಲಿ, ಜಗಳ ಮುಗಿದರೂ ದೀಪ ನಮ್ಮಲ್ಲೇ ಇರಲಿ, ನನಗೂ ಜೊತೆಯಾಗುತ್ತದೆ ಅಂದರು. ನಾಡು ಬಿಟ್ಟು ಅಷ್ಟು ದೂರ ಬಂದ ನನ್ನ ಪರವಾಗಿ ಜಗಳಕ್ಕೆ ಒಬ್ಬರು ನಿಂತರಲ್ಲ. ಕಾರಣ ತಪ್ಪಾದರೇನು.

ಸೀಕಾಕಸ್

ಗೊತ್ತು ಮಾಡಿದ ದಿನ ಸಿಂಧು ಬೆಳಕು ಹರಿಯುವ ಮೊದಲೇ ಹೋದಳು. ಎಣ್ಣೆಯ ಅತ್ತೆಯನ್ನೂ ಮಧ್ಯಾಹ್ನ ಕರೆಸು ಎಂದು ರೂತ್ ಮೇಡಂ ಹೇಳಿದ್ದರು. ರಘು ನನ್ನನ್ನು ಎಡಿಸನ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ, "ನ್ಯೂಯಾರ್ಕ್ ಬಂದ ಮೇಲೆ ಇಳಿ, ಅದಕ್ಕೆ ಮುಂಚೆ ಏಳ್ಬೇಡ" ಎಂದ.

ಆ ರೈಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಮೈಸೂರು ರೈಲಿನಲ್ಲಾದರೆ ಮದ್ದೂರು ಬರುವುದರೊಳಗೆ ಎದುರಿನವರ ಮಗಳ ಜಾತಕ ನನ್ನ ಕೈಯಲ್ಲಿರುತ್ತಿತ್ತು. ಕೇಳಲು ಯಾರೂ ಇಲ್ಲದೆ ಕೂತಿದ್ದೆ. ಒಂದು ಕಡೆ ನನ್ನ ಸಾಲಿನವರು, ಎದುರು ಸಾಲಿನವರು ಒಟ್ಟಿಗೆ ಎದ್ದರು. ನಾನೂ ಎದ್ದೆ, ಇಳಿದೆ, ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ದೊಡ್ಡ ಹಜಾರ. ಜನ ನಾಲ್ಕೂ ದಿಕ್ಕಿಗೆ ಓಡುತ್ತಿದ್ದರು. ಅದು ನ್ಯೂಯಾರ್ಕ್ ಅಲ್ಲ, ಸೀಕಾಕಸ್. ರೈಲು ಬದಲಿಸುವವರು ಇಳಿಯುವ ಜಾಗ. ಫೋನು ಸಿಂಧುವಿಗೆ ಮಾಡಿದೆ. ಪ್ರಯೋಗಾಲಯದಲ್ಲಿ ಕೆಲಸದ ಹೊತ್ತಿಗೆ ಅವಳ ಫೋನು ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ ಎಂದು ಆಮೇಲೆ ನೆನಪಾಯಿತು.

ಸಮವಸ್ತ್ರ ತೊಟ್ಟ ಒಬ್ಬ ಕಪ್ಪು ಹೆಂಗಸು ಬಂದು, ಎಲ್ಲಿಗೆ ಸ್ವೀಟಿ ಎಂದು ಕೇಳಿದಳು. ಉಗುರಿಗೆಲ್ಲ ಒಂದೊಂದಕ್ಕೆ ಒಂದೊಂದು ಬಣ್ಣ. ನನ್ನ ಟಿಕೆಟ್ಟು ನೋಡಿ ನಕ್ಕಳು, ಪ್ಲಾಟ್‌ಫಾರ್ಮಿಗೆ ತಾನೇ ಕರೆದುಕೊಂಡು ಹೋಗಿ ಮುಂದಿನ ರೈಲಿಗೆ ಹತ್ತಿಸಿದಳು. ಬಾಗಿಲ ಹತ್ತಿರ ಕೂತಿದ್ದ ಸೂಟು ಹಾಕಿದವನಿಗೆ, ಇವರು ನಿನ್ನ ಜೊತೆ ಇಳಿಯುತ್ತಾರೆ ಎಂದು ಅಪ್ಪಣೆ ಮಾಡಿದಳು. ಅವನು ಕಿವಿಯಿಂದ ವೈರು ತೆಗೆದು ಹೂಂ ಅಂದ. ಇಳಿಯುವ ತನಕ ನನ್ನನ್ನು ಎರಡು ಸಲ ತಿರುಗಿ ನೋಡಿದ, ನಾನು ಇದ್ದೇನೆಯೇ ಎಂದು. ಇಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರನ್ನು ದೇವರು ಇಟ್ಟಿರುತ್ತಾನೆ.

ನಾಲ್ಕನೆಯ ಮಹಡಿ

ಸ್ಟೇಷನ್ನಿನಲ್ಲಿ ಸಿಂಧುವಿನ ಜೊತೆ ಕೆಲಸ ಮಾಡುವ ಕೊರಿಯಾದ ಹುಡುಗಿ ನನಗಾಗಿ ಕಾದು ಕಾದು ಬೇಸತ್ತಿದ್ದಳು. ನಾವು ನಾಲ್ಕನೆಯ ಮಹಡಿ ಮುಟ್ಟುವಷ್ಟರಲ್ಲಿ ಬ್ಲ್ಯಾಂಕಿನ ಗೆರೆ ಮುಗಿದಿತ್ತು. ಈ ಸಲ ಅದೇ ದಿನದ, ಅದೇ ಕೈಯ ಖಾಲಿ ಸೀಸೆ. ನೇರ ಗೆರೆ. ಕಾರಿಡಾರಿನ ಗೋಡೆಗೆ ಹಾಕಿದ ಪರದೆಯ ಮುಂದೆ ರೂತ್ ಮೇಡಂ ಸ್ಟೂಲಿನ ಮೇಲೆ ಕೂತಿದ್ದರು. ನನಗೂ ಒಂದು ಸ್ಟೂಲು ಎಳೆದುಕೊಟ್ಟರು. ಗಾಜಿನಾಚೆ ಬಿಳಿ ಬಟ್ಟೆಯಲ್ಲಿ ಸಿಂಧು ನಿಂತಿದ್ದಳು. ಕಣ್ಣು ಮಾತ್ರ ಕಾಣುತ್ತಿತ್ತು. ಯಂತ್ರದೊಳಗೆ ಕಲ್ಲಿನ ಉಳಿದರ್ಧ ಇತ್ತು.

ಗೆರೆ ಎಡದಿಂದ ಹೊರಟಿತು. ಹಾಲು ಉಕ್ಕುವುದನ್ನು ಕಾಯುವಾಗ ನೋಡುವಂತೆ ನೋಡುತ್ತಿದ್ದೆ. ಹೋದ ಸಲ ದೊಡ್ಡ ಗುಡ್ಡ ಎದ್ದ ಜಾಗ ಇಲ್ಲಿ ಎಂದು ಕೊರಿಯಾದ ಹುಡುಗಿ ಬೆರಳಿಟ್ಟು ತೋರಿಸಿದಳು. ಗೆರೆ ಆ ಬೆರಳಿನ ಕೆಳಗಿನಿಂದ ನೇರ ಹೋಯಿತು. ಸಣ್ಣವು ಎದ್ದ ಜಾಗವನ್ನೂ ದಾಟಿತು. ಕೊನೆಯ ತನಕ ಹೋಗಿ ನಿಂತಿತು. ಏನೂ ಇಲ್ಲ.

ಯಂತ್ರಕ್ಕೆ ಕಣ್ಣು ಸರಿಯಾಗಿದೆಯೇ ಎಂದು ನೋಡಲು, ಗೊತ್ತಿರುವ ಕೊಬ್ಬನ್ನು ಹಾಕಿದ ಸೀಸೆಯೊಂದನ್ನು ಕೊನೆಯಲ್ಲಿ ಕೊಟ್ಟರು. ಗುಡ್ಡಗಳು ಒಂದರ ಹಿಂದೆ ಒಂದು ಎದ್ದವು. ಯಂತ್ರ ಸರಿಯಿತ್ತು. ಕಲ್ಲಿನಲ್ಲೇ ಇರಲಿಲ್ಲ.

ನಾಲ್ಕು ವರ್ಷ, ಒಂದು ಮರುಭೂಮಿ, ಒಗ್ಗರಣೆಯಿಲ್ಲದ ಅಷ್ಟು ದಿನ. ಸಿಂಧು ಹೊರಗೆ ಬಂದಳು. ಮುಖದ ಬಟ್ಟೆ ಮಾತ್ರ ಕೆಳಗೆ ಎಳೆದಿದ್ದಳು.

"ಏನೂ ಇಲ್ವಲ್ಲೇ ಪುಟ್ಟಿ" ಎಂದೆ.

"ಇಲ್ಲ ಅತ್ತೆ. ಏನೂ ಇಲ್ಲ." ಪರದೆಯ ಗೆರೆಯ ಕಡೆ ಕೈ ತೋರಿಸಿದಳು. "ಭೂಮಿ ಮೇಲೆ ಏನೂ ಇಲ್ದಿರೋ ಕಲ್ಲು ಸಿಗೋದು ಎಷ್ಟು ಕಷ್ಟ ಗೊತ್ತಾ? ಎಲ್ಲಿ ಮುಟ್ಟಿದ್ರೂ ಏನಾದ್ರೂ 'ಇದೆ' ಅನ್ನುತ್ತೆ. ಇದು ಇಲ್ಲ ಅಂತಿದೆ. ಅದನ್ನ ನಾನು ನಂಬಬಹುದು."

"ಹಾಗಾದ್ರೆ ನಿನ್ನ ಓದು?"

ನನ್ನ ಪ್ರಶ್ನೆಯನ್ನು ಅವಳು ರೂತ್ ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಸ್ಟೂಲಿನಿಂದ ಎದ್ದು, ನನ್ನ ಕಡೆ ತಿರುಗಿ, ಬರೆಯಲಿ, ಇದನ್ನೇ ಬರೆಯಲಿ, ಎಣ್ಣೆಯ ಕಥೆಯನ್ನೂ ಬಿಡದೆ ಬರೆಯಲಿ ಅಂದರು. ಗುಡ್ಡ ಎದ್ದ ದಿನ ಸುದ್ದಿ ಕೊಟ್ಟಿದ್ದ ಬೇರೆ ಊರಿನ ಆ ಇಬ್ಬರಿಗೆ ಸಂಜೆಯೇ ತಿದ್ದಿ ತಿಳಿಸುವುದಾಗಿಯೂ ಹೇಳಿದರು. ಆಮೇಲೆ ಸಿಂಧುವಿನ ಕೈ ಹಿಡಿದು ಕುಲುಕಿದರು.

ಅಷ್ಟರಲ್ಲಿ ಸುದ್ದಿ ಹರಡಿ ಪಕ್ಕದ ಕೋಣೆಗಳಿಂದ ಒಬ್ಬೊಬ್ಬರೇ ಬಂದರು. ಗಡ್ಡದ ಹುಡುಗನೊಬ್ಬ, ಮೂಲೆ ಕೋಣೆಯ ವಯಸ್ಸಾದ ಮೇಷ್ಟರೊಬ್ಬರು, ಜೊತೆಗೆ ಅಲ್ಲೇ ಇದ್ದ ಕೊರಿಯಾದ ಹುಡುಗಿ. ಎಲ್ಲರೂ ಪರದೆಯ ಹತ್ತಿರ ಹೋಗಿ ಆ ನೇರ ಗೆರೆಯನ್ನು ಒಮ್ಮೆ ಬಗ್ಗಿ ನೋಡುವುದು, ತಲೆಯಾಡಿಸುವುದು, ಬಂದು ಸಿಂಧುವಿನ ಕೈ ಕುಲುಕುವುದು. ಏನೂ ಸಿಗಲಿಲ್ಲ ಎಂದು ಜನ ಸಾಲಾಗಿ ಬಂದು ಅಭಿನಂದಿಸುವುದನ್ನು ನಾನು ನೋಡಿದ್ದು ಅಲ್ಲೇ. ಮದುವೆ ಮನೆಯ ವೇದಿಕೆಯ ಹಾಗಿತ್ತು, ಅಷ್ಟೇ ಗಂಭೀರವಾಗಿಯೂ ಇತ್ತು.

ಕೊನೆಗೆ ಉಳಿದವಳು ನಾನು. ತಲೆ ಸವರುವುದು ನಮ್ಮ ಕ್ರಮ. ಅವಳ ತಲೆಯ ಮೇಲೆ ಬಿಳಿ ಟೋಪಿ ಇನ್ನೂ ಬಿಗಿಯಾಗಿತ್ತು. ನಾನೂ ಎಲ್ಲರಂತೆ ಬಲಗೈ ಮುಂದೆ ಚಾಚಿದೆ. ಸಿಂಧು ಒಂದು ಕ್ಷಣ ನನ್ನ ಕೈ ನೋಡಿದಳು. ಗ್ಲೌಸ್ ಎಳೆದು ತೆಗೆದು ತನ್ನ ಕೈ ಕೊಟ್ಟಳು. ಬೆವರಿ ಒದ್ದೆಯಾಗಿತ್ತು, ತಣ್ಣಗಿತ್ತು. ಬಹಳ ಹೊತ್ತು ಬಿಡಲಿಲ್ಲ.